ನಾಗರಖಂಡವನ್ನಾಳಿದ ಜಕ್ಕಿಯಬ್ಬೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಸೊರಬದ ಸೀಮೆಗೆ ಸಮೀಪವಾಗಿ, ಬಂದಳಿಕೆಯೆಂಬ ಹಳೆಯ ಊರೊಂದುಂಟು. ಶಾಸನಗಳಲ್ಲಿ ಅದಕ್ಕೆ ಬಂದಣಿಕೆಯೆಂದೂ ಬಾಂಧವಪುರವೆಂದೂ ಹೆಸರು. ಈಗ ಅಲ್ಲಿಗೆ ಹೋದವರಿಗೆ ಶಿಥಿಲವಾದ ಗುಡಿಗಳೂ ಶಾಂತಿನಾಥ ಬಸದಿಯೂ ಬರಹದ ಕಲ್ಲುಗಳೂ ಕಾಣುವುವು. ಸಾವಿರದ ನೂರು ವರ್ಷಗಳ ಹಿಂದೆ ಅದು ನಾಗರಖಂಡವೆಂಬ ಎಪ್ಪತ್ತು ಹಳ್ಳಿಗಳ ನಾಡಿನಲ್ಲಿ ಹೆಸರುಗೊಂಡ ತೀರ್ಥವಾಗಿತ್ತು. ಆ ನಾಡನ್ನು ಏಳು ವರ್ಷಗಳ ಕಾಲ ಆಳಿ, ಆ ತೀರ್ಥದಲ್ಲಿಯೇ ದೇಹಬಿಟ್ಟ ಜಕ್ಕಿಯಬ್ಬೆಯ ಹೆಸರನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಚರಿತ್ರೆಯ ಪಾಠದಲ್ಲಿ ಒಂದು ಸಾಲಿನಷ್ಟು ಕೇಳಿರಬಹುದು. ಹೊಸದಾಗಿ ಒಂದು ಅಧಿಕಾರಕ್ಕೆ ಬಂದವರನ್ನು ಹೇಗೆ ಆಧರಿಸಬೇಕು, ಹೇಗೆ ಅಳೆಯಬೇಕು ಎಂಬ ಪ್ರಶ್ನೆಯು ಪ್ರತಿ ವರ್ಷವೂ ನಮ್ಮ ಶಾಲೆಯ ಬಾಗಿಲಿಗೆ ಬರುವುದರಿಂದ, ಆಕೆಯ ವೃತ್ತಾಂತವನ್ನು ಇಲ್ಲಿ ಕೊಂಚ ವಿಸ್ತಾರವಾಗಿ ಬರೆಯುತ್ತೇನೆ.

ಅದು ರಾಷ್ಟ್ರಕೂಟರ ಕಾಲ. ಮಾನ್ಯಖೇಟದಲ್ಲಿ ನೃಪತುಂಗನ ಮಗನಾದ ಎರಡನೆಯ ಕೃಷ್ಣನು ಚಕ್ರವರ್ತಿಯಾಗಿದ್ದನು. ಶಾಸನಗಳು ಅವನನ್ನು ಕನ್ನರದೇವನೆಂದು ಕರೆಯುವುವು. ಬನವಾಸಿ ಹನ್ನೆರಡು ಸಾಸಿರವನ್ನು ಮಹಾಸಾಮಂತ ಕಲಿವಿಟ್ಟರಸನು ಆಳುತ್ತಿದ್ದನು. ಅದರೊಳಗಣ ನಾಗರಖಂಡ ಎಪ್ಪತ್ತಕ್ಕೆ ಸತ್ತರಸ ನಾಗಾರ್ಜುನನು ನಾಳ್ಗಾವುಂಡ, ಎಂದರೆ ನಾಡಗೌಡನಾಗಿದ್ದನು. 911ರ ಸುಮಾರಿನಲ್ಲಿ ಅವನು ತೀರಿಕೊಂಡನು. ಆಗ ಅರಸನು ಆ ಅಧಿಕಾರವನ್ನು ನಾಗಾರ್ಜುನನ ಹೆಂಡತಿಯಾದ ಜಕ್ಕಿಯಬ್ಬೆಗೆ ಕೊಟ್ಟನು.

ನಮ್ಮ ದೇಶದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿನ ಪಾಡು ಬಹುಕಾಲ ಏನಾಗಿತ್ತೆಂಬುದನ್ನು ಬಲ್ಲವರು ಈ ಸಂಗತಿಯನ್ನು ಓದಿ ಒಂದು ಕ್ಷಣ ನಿಲ್ಲದಿರರು. ಬರಿಯ ಕನಿಕರದಿಂದ ಕೊಡುವುದಾಗಿದ್ದರೆ ಜೀವನಾಂಶಕ್ಕೆಂದು ಒಂದಿಷ್ಟು ಗದ್ದೆಯನ್ನು ಬಿಟ್ಟುಕೊಟ್ಟು ಕೈತೊಳೆದುಕೊಳ್ಳಬಹುದಾಗಿತ್ತು. ಅರಸನು ಕೊಟ್ಟದ್ದು ಕೆಲಸವನ್ನು. ಅದೂ ಸುಲಭವಾದ ಕೆಲಸವಲ್ಲ. ತೆರಿಗೆಯನ್ನು ಕಾಲಕಾಲಕ್ಕೆ ಎತ್ತಿಸಬೇಕು, ಭೂಮಿಯ ದಾನಗಳಿಗೆ ಸಾಕ್ಷಿಯಾಗಬೇಕು, ಎಲ್ಲೆಯ ವ್ಯಾಜ್ಯಗಳನ್ನು ತೀರಿಸಬೇಕು, ಹಳ್ಳಿಗಳನ್ನು ಕಳ್ಳರಿಂದ ಕಾಯಬೇಕು. ಶಿಕಾರಿಪುರ ಸೊರಬ ತಾಲ್ಲೂಕುಗಳ ಗದ್ದೆಯ ಬದುಗಳಲ್ಲಿಯೂ ಕೆರೆಯ ಏರಿಗಳಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ನೋಡಿದವರಿಗೆ, ದನಗಳನ್ನು ಹೊಡೆದುಕೊಂಡು ಹೋಗುವವರ ಕಾಟವು ಆ ಸೀಮೆಯಲ್ಲಿ ಎಷ್ಟಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಇಂಥ ನಾಡಿಗೆ ಆಕೆ ಒಡತಿಯಾದಳು.

ಗಂಡನ ಮನೆಯಲ್ಲಿದ್ದು ಈ ಕಾರ್ಯಗಳನ್ನೆಲ್ಲ ಆಕೆ ನೋಡಿಯೇ ಇದ್ದಿರಬೇಕು. ಆದರೆ ಕಂಡ ಕೆಲಸಕ್ಕೂ ಹೆಗಲ ಮೇಲೆ ಬಿದ್ದ ಕೆಲಸಕ್ಕೂ ಎಷ್ಟು ಅಂತರವೆಂಬುದನ್ನು, ಟ್ರೈನಿಂಗ್ ಮುಗಿಸಿಕೊಂಡು ಬಂದು ಮೊದಲನೆಯ ದಿವಸ ಐವತ್ತು ಮಕ್ಕಳೆದುರಿಗೆ ನಿಂತ ಉಪಾಧ್ಯಾಯಿನಿಯೇ ಬಲ್ಲಳು. ಆ ಕಾಲದ ಆಡಳಿತದಲ್ಲಿ ಹಳ್ಳಿಹಳ್ಳಿಗೂ ಗಾವುಂಡರಿದ್ದರು, ಲೆಕ್ಕಪತ್ರಗಳನ್ನು ನೋಡಲು ಸೇನಬೋವರಿದ್ದರು, ಮೇಲೆ ಬನವಾಸಿಯ ಮಹಾಸಾಮಂತನಿದ್ದನು. ಹೊಸ ಅಧಿಕಾರಿಯನ್ನು ನಾಲ್ಕು ಕಡೆಯಿಂದಲೂ ಹಿಡಿದು ನಿಲ್ಲಿಸುವ ಕಂಬಗಳಿವು. ಇವುಗಳಲ್ಲಿ ಒಂದು ಅಲುಗಿದರೂ ಏಳು ವರ್ಷ ನಾಡು ನಡೆಯಲಾರದು.

ಇಲ್ಲಿ ನಮ್ಮ ಮಾತಾಪಿತೃಗಳಿಗೆ ಒಂದು ಮಾತನ್ನು ವಿನಯದಿಂದ ಅರಿಕೆಮಾಡುತ್ತೇನೆ. ಶಾಲೆ ತೆರೆದು ತಿಂಗಳಾಗುವುದರೊಳಗೆ, ತಮ್ಮ ಮಗಳ ತರಗತಿಗೆ ಹೊಸ ಉಪಾಧ್ಯಾಯಿನಿ ಬಂದಿರುವಳು, ಆಕೆಯನ್ನು ತೆಗೆದು ಹಳಬರನ್ನೇ ಹಾಕಬೇಕು ಎಂದು ಕೇಳಿಕೊಂಡು ಬರುವವರುಂಟು. ಮಕ್ಕಳ ಮೇಲಣ ಪ್ರೀತಿಯಿಂದಲೇ ಅವರು ಬರುವರೆಂದು ನಾನು ಬಲ್ಲೆನು. ಆದರೆ ಎಲ್ಲರೂ ಹಳಬರನ್ನೇ ಕೇಳಿದರೆ ಹಳಬರಾಗುವವರು ಯಾರು? ಹೊಸಬರನ್ನು ಅಳೆಯಬಾರದೆಂದು ನಾನು ಹೇಳುವುದಿಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ಕೇಳುವುದು, ಪಾಠಟಿಪ್ಪಣಿಯನ್ನು ಓದುವುದು, ಮಕ್ಕಳ ನೋಟ್‌ಪುಸ್ತಕಗಳನ್ನು ತರಿಸಿ ನೋಡುವುದು ನನ್ನ ಕರ್ತವ್ಯವೇ ಆಗಿದೆ. ಹೀಗೆ ನೋಡುವಾಗ ಮೊದಲನೆಯ ವರ್ಷದಲ್ಲಿ ನಾನು ಮುಖ್ಯವಾಗಿ ಹುಡುಕುವುದು ಒಂದನ್ನೇ: ಸೋಮವಾರ ಹೇಳಿದ ತಪ್ಪು ಶುಕ್ರವಾರಕ್ಕೆ ತಿದ್ದಿಕೊಂಡಿತೋ ಇಲ್ಲವೋ ಎಂಬುದನ್ನು. ಮಿಕ್ಕದ್ದಕ್ಕೆ ಕಾಲಾವಕಾಶ ಬೇಕು. ಪಕ್ಕದ ಕೋಣೆಯಲ್ಲಿ ಕೇಳಿದ್ದನ್ನು ಹೇಳಿಕೊಡುವ ಹಿರಿಯಳೊಬ್ಬಳು ಬೇಕು. ಅತ್ಯಂತ ಗದ್ದಲದ ತರಗತಿಯನ್ನೂ ಅತಿ ಹೆಚ್ಚಿನ ಪಾಠಗಳನ್ನೂ ಹೊಸಬಳ ತಲೆಗೇ ಕಟ್ಟಿ, ಆ ಮೇಲೆ ಆಕೆ ಸೋತಳೆಂದು ಪುಸ್ತಕದಲ್ಲಿ ಬರೆಯುವುದು ಪರೀಕ್ಷೆಯಲ್ಲ, ಅನ್ಯಾಯ.

ಜಕ್ಕಿಯಬ್ಬೆಗೆ ಬಂದ ಕಷ್ಟವಾದರೋ ಇನ್ನೊಂದು ಬಗೆಯದು. ಆಕೆಯನ್ನು ನಂಬಿ ಅಧಿಕಾರವನ್ನು ಕೊಟ್ಟ ಕನ್ನರದೇವನು 914ರಲ್ಲಿ ಗತಿಸಿದನು. ಅವನ ಮೊಮ್ಮಗನಾದ ಮೂರನೆಯ ಇಂದ್ರನು ಪಟ್ಟಕ್ಕೆ ಬಂದು, ಒಂದೆರಡು ವರ್ಷಗಳಲ್ಲಿಯೇ ದೊಡ್ಡ ಸೈನ್ಯವನ್ನು ಕಟ್ಟಿಕೊಂಡು ದೂರದ ಕನೌಜಿನವರೆಗೂ ನಡೆದನು. ನೇಮಿಸಿದವರು ಹೋಗಿ ಹೊಸಬರು ಬಂದಾಗ ಕೆಳಗಿನ ಅಧಿಕಾರಿಗಳ ಎದೆ ಹೇಗೆ ಡವಗುಟ್ಟುವುದೆಂದು ಶಾಲೆಗಳಲ್ಲಿ ಕೆಲಸಮಾಡಿದವರಿಗೆ ಗೊತ್ತು. ಆ ದಿನಗಳಲ್ಲಿಯೂ ನಾಗರಖಂಡವು ಜಕ್ಕಿಯಬ್ಬೆಯ ಕೈಯಲ್ಲಿಯೇ ಉಳಿಯಿತು. ಆಕೆಯನ್ನು ನಿಲ್ಲಿಸಿದ್ದು ಹಳೆಯ ಅರಸನ ದಾಕ್ಷಿಣ್ಯವಲ್ಲ, ಆಕೆಯ ಕೆಲಸವೇ ಎಂದು ತಿಳಿಯಲು ನನಗೆ ಇಷ್ಟು ಸಾಕು.

ಇದೆಲ್ಲವೂ ನಮಗೆ ತಿಳಿದದ್ದು ಬಂದಳಿಕೆಯ ಒಂದು ಶಾಸನದಿಂದ. ಅದನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅಚ್ಚುಹಾಕಿಸಿದವರು ಬೆಂಜಮಿನ್ ಲೂಯಿಸ್ ರೈಸ್ ಎಂಬವರು. ಇವರು ಲಂಡನ್ ಮಿಷನಿನ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಮಿಷನ್ ಮನೆಯಲ್ಲಿ ಬೆಳೆದವರೊಬ್ಬರ ಶ್ರಮದಿಂದ ಒಬ್ಬ ಜೈನ ಶ್ರಾವಕಿಯ ಚರಿತ್ರೆಯು ಲೋಕಕ್ಕೆ ತಿಳಿದುಬಂದದ್ದು ನನಗೆ ಬಹಳ ಸಂತೋಷದ ಸಂಗತಿ.

ಆ ಕಲ್ಲಿನ ಮೇಲೆ ಆಕೆಗೆ ಕೊಟ್ಟಿರುವ ಯೋಗ್ಯತಾಪತ್ರವನ್ನು ಗಮನಿಸಬೇಕು. ನಾಡನ್ನು ಚೆನ್ನಾಗಿ ಆಳುವ ಸಾಮರ್ಥ್ಯದಲ್ಲಿ ನಿಪುಣೆ, ಜಿನಶಾಸನದಲ್ಲಿ ಭಕ್ತೆ, ರೂಪವತಿ ಎಂದು ಹೊಗಳಿ, ಹೆಂಗಸಾಗಿದ್ದರೂ ತನ್ನ ಶೌರ್ಯದ ಹೆಮ್ಮೆಯಿಂದ ನಾಗರಖಂಡವನ್ನು ಕಾಪಾಡಿದಳೆಂದು ಬರೆದಿದ್ದಾರೆ. ಹೆಂಗಸಾಗಿದ್ದರೂ ಎಂಬ ಆ ಒಂದು ಪದವನ್ನು ಕಂಡು ನಮ್ಮ ಮೇಲಿನ ತರಗತಿಯ ಹುಡುಗಿಯರು ನಗುವುದುಂಟು; ನಾನು ತಡೆಯುವುದಿಲ್ಲ. ಆದರೂ ಬರೆದವನು ಸಾಮರ್ಥ್ಯವನ್ನು ಮರೆಯಲಿಲ್ಲ. ಅಲ್ಲದೆ ಈ ಮಾತುಗಳನ್ನು ಆಕೆ ಅಧಿಕಾರಕ್ಕೆ ಬಂದ ದಿನ ಕೆತ್ತಲಿಲ್ಲ. ಕಾಲವೆಲ್ಲ ಕಳೆದು ಕೆಲಸವು ಮುಗಿದ ಮೇಲೆ ಕೆತ್ತಿದರು.

918ರಲ್ಲಿ ಜಕ್ಕಿಯಬ್ಬೆಗೆ ರೋಗವುಂಟಾಯಿತು. ದೇಹವು ಇನ್ನು ಒದಗದೆಂದು ತಿಳಿದು, ಲೋಕದ ಭೋಗಗಳು ನಿಸ್ಸಾರವೆಂದು ನಿಶ್ಚಯಿಸಿ, ಮಗಳನ್ನು ಕರೆಸಿದಳು. ಸತ್ಯವೇದದಲ್ಲಿ ಮೋಶೆಯು ತಾನು ಬದುಕಿರುವಾಗಲೇ ಯೆಹೋಶುವನನ್ನು ಸಭೆಯ ಮುಂದೆ ನಿಲ್ಲಿಸಿ ಕೈಯಿಟ್ಟು ನೇಮಿಸಿದ್ದನ್ನು ನಮ್ಮ ಮಕ್ಕಳು ಬಲ್ಲರು. ತಾನು ಗಂಡನ ಮರಣದಿಂದ ಒಮ್ಮೆಗೇ ಭಾರವನ್ನು ಹೊರಬೇಕಾಗಿ ಬಂದಿದ್ದ ಈಕೆಯು ಮಗಳಿಗೆ ಆ ಪಾಡನ್ನು ಬರಗೊಡಲಿಲ್ಲ. ತನಗೆ ಬುದ್ಧಿ ಸ್ಥಿರವಾಗಿರುವಾಗಲೇ, ತನ್ನ ಕೈಯಿಂದಲೇ, ತನ್ನದೆಲ್ಲವನ್ನೂ ಅವಳಿಗೆ ಒಪ್ಪಿಸಿದಳು.

ಅನಂತರ ಜಕ್ಕಿಯಬ್ಬೆಯು ಆಸೆಯ ಸಂಕೋಲೆಯಿಂದ ಬಿಡಿಸಿಕೊಂಡು ಬಂದಣಿಕೆಯ ತೀರ್ಥಕ್ಕೆ ಬಂದಳು. ಅಲ್ಲಿ ಬಸದಿಯಲ್ಲಿ, ಜೈನರು ಅಂತ್ಯಕಾಲದಲ್ಲಿ ಹಿಡಿಯುವ ಸಮಾಧಿಯ ವ್ರತವನ್ನು ಕೈಕೊಂಡಳು. ಆಯುಸ್ಸು ದೇವರು ಕೊಟ್ಟದ್ದು, ಕರೆಯುವವನೂ ಆತನೇ ಎಂದು ನಂಬುವ ನಮಗೆ ಆ ವ್ರತವು ಒಪ್ಪತಕ್ಕದ್ದಲ್ಲ. ಆದರೆ ಆಕೆಯು ಅದನ್ನು ಭಯದಿಂದಲಾಗಲಿ ಬೇಸರದಿಂದಲಾಗಲಿ ಹಿಡಿದವಳಲ್ಲ. ಒಪ್ಪಿಸಬೇಕಾದುದನ್ನು ಒಪ್ಪಿಸಿ, ತನ್ನ ಧರ್ಮದಲ್ಲಿ ಪೂರ್ಣವಾದ ವಿಶ್ವಾಸದಿಂದ ಪ್ರಾಣವನ್ನು ಬಿಟ್ಟಳು.