ಕುಲವಿಲ್ಲದ ಕುಲನಾಮ: ದಾಲಾಂಬೇರನ ಬದುಕು

ಫ್ರಾನ್ಸಿನ ಕುಲನಾಮಗಳಿಗೆ ಮುಖ್ಯವಾಗಿ ನಾಲ್ಕು ಮೂಲಗಳಿವೆ: ಪೂರ್ವಜನ ಹೆಸರು, ವಾಸಸ್ಥಳ, ಕಸುಬು ಹಾಗೂ ಅಡ್ಡಹೆಸರು. ಮಧ್ಯಯುಗದಲ್ಲಿ ವ್ಯಕ್ತಿಯನ್ನು ಗುರುತಿಸಲು ಬಳಕೆಗೆ ಬಂದ ಇವು ಕ್ರಮೇಣ ವಂಶಪಾರಂಪರ್ಯವಾದವು. 1539ರ ರಾಜಾಜ್ಞೆಯು ಚರ್ಚುಗಳಲ್ಲಿ ದೀಕ್ಷಾಸ್ನಾನದ ದಾಖಲೆಯನ್ನು ಕಡ್ಡಾಯಗೊಳಿಸಿದ ಮೇಲೆ ಇನ್ನಷ್ಟು ಸ್ಥಿರಗೊಂಡವು. ಇಂಥ ವ್ಯವಸ್ಥೆಯಲ್ಲಿ ವಂಶದ ಮನ್ನಣೆಯಿಲ್ಲದೆ ಹುಟ್ಟಿದವನ ಪಾಡೇನು ಎಂಬುದಕ್ಕೆ ಗಣಿತಜ್ಞ ಝಾನ್ ಲ ರಾನ್ ದಾಲಾಂಬೇರನ ಬದುಕು ಒಂದು ನಿದರ್ಶನ.

1717ರ ನವೆಂಬರಿನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಪಕ್ಕದ ಸ್ಯಾಂ-ಝಾನ್-ಲ-ರಾನ್ ಚರ್ಚಿನ ಮೆಟ್ಟಿಲ ಮೇಲೆ ಒಂದು ಹಸುಗೂಸು ದೊರೆಯಿತು. ಆ ಚರ್ಚಿನ ಹೆಸರನ್ನೇ ಕೂಸಿಗೆ ಇಡಲಾಯಿತು. 'ಲ ರಾನ್' ಎಂದರೆ ದುಂಡಗಿನದು. ಮೈಕಟ್ಟಿನಿಂದ ಬಂದ ಅಡ್ಡಹೆಸರಿನಂತೆ ಕೇಳಿಸುವ ಇದು ವಾಸ್ತವವಾಗಿ ಕಟ್ಟಡವೊಂದರ ಹೆಸರು. ತಾಯಿ ಕ್ಲೋದೀನ್ ದ ತಾಂಸ್ಯಾಂ ಪ್ಯಾರಿಸ್ಸಿನ ಗಣ್ಯವಲಯದ ಮಹಿಳೆ. ಆಕೆಯ ಕುಲನಾಮ ಊರಿನಿಂದ ಬಂದುದು. ತಂದೆ ದೆತೂಶ್ ಫಿರಂಗಿದಳದ ಅಧಿಕಾರಿ. ಅವನ ಕುಲನಾಮದ ಮೂಲ ತೋಪು. ವಿವಾಹದ ಹೊರಗೆ ಹುಟ್ಟಿದ ಮಗನಿಗೆ ಈ ಎರಡೂ ದಕ್ಕಲಿಲ್ಲ. ತಂದೆ ಮಗುವನ್ನು ಹುಡುಕಿಸಿ, ಗಾಜಿನ ಕೆಲಸಗಾರನೊಬ್ಬನ ಹೆಂಡತಿ ಮದಾಂ ರೂಸೋಳ ಆರೈಕೆಗೆ ಒಪ್ಪಿಸಿದನು. 1726ರಲ್ಲಿ ತೀರಿಕೊಂಡಾಗ ವರ್ಷಕ್ಕೆ 1200 ಲೀವ್ರ್‌ಗಳ ಆದಾಯವನ್ನು ಮಗನಿಗೆ ಬಿಟ್ಟುಹೋದನು. ಹಣ ಬಂದಿತು, ಹೆಸರು ಬರಲಿಲ್ಲ.

ವಿದ್ಯಾಲಯಕ್ಕೆ ಸೇರುವಾಗ ಬಾಲಕನ ಹೆಸರು ದಾರಾಂಬೇರ್ ಎಂದಾಯಿತು. ಮುಂದೆ ಅದು ದಾಲಾಂಬೇರ್ ಎಂದು ಮಾರ್ಪಟ್ಟಿತು. ಆರಂಭದ 'ದ' ಕಾರವು ಊರು ಅಥವಾ ಜಹಗೀರನ್ನು ಸೂಚಿಸುವ ಪ್ರತ್ಯಯ. ಆದರೆ ಈ ಹೆಸರಿನ ಹಿಂದೆ ಅವನಿಗೆ ಸೇರಿದ ಊರಾಗಲಿ ಜಹಗೀರಾಗಲಿ ಇರಲಿಲ್ಲ. ಅದಕ್ಕೆ ಅರ್ಥ ತುಂಬಿದ್ದು ಅವನ ವಿದ್ವತ್ತು. 1741ರಲ್ಲಿ ವಿಜ್ಞಾನ ಅಕಾಡೆಮಿಯ ಪ್ರವೇಶ, 1743ರಲ್ಲಿ ಚಲನಶಾಸ್ತ್ರದ ಗ್ರಂಥ, 1751ರಲ್ಲಿ ದಿದರೋನೊಡನೆ ಸಂಪಾದಿಸಿದ ವಿಶ್ವಕೋಶದ ಮೊದಲ ಸಂಪುಟಕ್ಕೆ ಪ್ರಸ್ತಾವನೆ, 1754ರಲ್ಲಿ ಫ್ರೆಂಚ್ ಅಕಾಡೆಮಿಯ ಸದಸ್ಯತ್ವ, ಹೀಗೆ ಹೆಸರು ಬೆಳೆಯಿತು. ರಷ್ಯಾದ ರಾಣಿ ಕ್ಯಾಥರೀನಳು ತನ್ನ ಮಗನ ಶಿಕ್ಷಣಕ್ಕಾಗಿ ಕಳುಹಿಸಿದ ಆಹ್ವಾನವನ್ನು ಅವನು ನಿರಾಕರಿಸಿದನು. ಖ್ಯಾತಿ ಬಂದ ಮೇಲೂ 1765ರವರೆಗೆ ಸಾಕುತಾಯಿಯ ಮನೆಯಲ್ಲಿಯೇ ಇದ್ದನೆಂಬುದು ಗಮನಾರ್ಹ. ಅನಂತರ ಅವನಿಗೆ ಆಸರೆಯಾದ ಝೂಲಿ ದ ಲೆಸ್ಪಿನಾಸ್ ಕೂಡ ವಿವಾಹದ ಹೊರಗೆ ಹುಟ್ಟಿದವಳು.

1783ರ ಅಕ್ಟೋಬರ್ 29ರಂದು ದಾಲಾಂಬೇರ್ ನಿಧನನಾದನು. ಧರ್ಮವಿಶ್ವಾಸವಿಲ್ಲದವನೆಂಬ ಕಾರಣದಿಂದ ಅವನನ್ನು ಗುರುತಿಲ್ಲದ ಸಾಮಾನ್ಯ ಸಮಾಧಿಯಲ್ಲಿ ಹೂಳಲಾಯಿತು. ಅವನಿಗೆ ಮದುವೆಯಾಗಿರಲಿಲ್ಲ, ಮಕ್ಕಳೂ ಇರಲಿಲ್ಲ. ಕೆಂಗೂದಲಿನವನೆಂಬ ಅರ್ಥದ ಅಡ್ಡಹೆಸರಿನಿಂದ ಹುಟ್ಟಿದ ರೂಸೋ ಎಂಬ ಸಾಕುಮನೆಯ ಕುಲನಾಮ ಫ್ರಾನ್ಸಿನಲ್ಲಿ ಇಂದಿಗೂ ವ್ಯಾಪಕವಾಗಿದೆ. ದಾಲಾಂಬೇರನ ಹೆಸರಾದರೋ ಸಂತತಿಯ ಮೂಲಕ ಹರಡದೆ, ಡಿ'ಅಲಂಬರ್ಟನ ತತ್ತ್ವವೆಂದು ಗಣಿತದ ಪಠ್ಯಗಳಲ್ಲಿ ಉಳಿದಿದೆ. ಕುಲನಾಮವು ಕುಲದಿಂದಲೇ ಬರಬೇಕೆಂಬ ಗ್ರಹಿಕೆಯನ್ನು ಈ ಬದುಕು ಪ್ರಶ್ನಿಸುತ್ತದೆ.