ಹಿಮಗಿರಿಯ ಚಿತ್ರಕಾರ ನಿಕೊಲಾಯ್ ರೋರಿಕ್

ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದ ಹೆಸರನ್ನು ನಮ್ಮಲ್ಲಿ ಹಲವರು ಕೇಳಿದ್ದೇವೆ. ಚಿತ್ರನಟಿ ದೇವಿಕಾರಾಣಿಯವರೂ ಅವರ ಪತಿ, ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರೂ ಬಾಳಿದ ತೋಟವದು. ಆದರೆ ಸ್ವೆತೊಸ್ಲಾವರ ತಂದೆ ನಿಕೊಲಾಯ್ ರೋರಿಕ್ ಅವರ ಬಾಳಿನ ಕಥೆ ನಮ್ಮವರಿಗೆ ಅಷ್ಟಾಗಿ ತಿಳಿಯದು.

ಅವರು ಹುಟ್ಟಿದ್ದು 1874ರ ಅಕ್ಟೋಬರ್ 9ರಂದು, ರಷ್ಯದ ಸೈಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ಕಾನೂನು ಬಲ್ಲವರು. ಮಗನೂ ಅದೇ ದಾರಿ ಹಿಡಿಯಲೆಂಬ ಆಸೆ ಅವರದು. ಮಗನಿಗೋ ಬಯಲೇ ಪಾಠಶಾಲೆ. ಇಜ್ವಾರದ ತೋಟದ ಮನೆಯ ಸುತ್ತಲಿನ ಪ್ರಾಚೀನ ಸಮಾಧಿ ದಿಬ್ಬಗಳನ್ನು ಅಗೆಯುವುದು, ಕಾಡು ಅಲೆಯುವುದು, ಕಂಡದ್ದನ್ನು ಬರೆಯುವುದು ಇವೇ ಅವರ ಬಾಲ್ಯದ ಗೀಳು. ಕೊನೆಗೆ ತಂದೆಯ ಮಾತೂ ಉಳಿಯಲಿ, ತನ್ನ ಆಸೆಯೂ ಉಳಿಯಲಿ ಎಂದು ಕಾನೂನನ್ನೂ ಚಿತ್ರಕಲೆಯನ್ನೂ ಒಟ್ಟಿಗೆ ಕಲಿತರು. ಬೆಳಕಿನ ಚಿತ್ರಣದಲ್ಲಿ ಹೆಸರಾಂತ ಕುಯಿಂಜಿ ಅವರ ಗುರು. 1913ರಲ್ಲಿ ಪ್ಯಾರಿಸ್ಸಿನಲ್ಲಿ ಭಾರೀ ಗದ್ದಲವೆಬ್ಬಿಸಿದ ಸ್ಟ್ರಾವಿನ್ಸ್ಕಿಯವರ ನೃತ್ಯನಾಟಕಕ್ಕೆ ರಂಗಸಜ್ಜು, ಉಡುಪು ರೂಪಿಸಿದವರೂ ರೋರಿಕ್ ಅವರೇ.

ರಷ್ಯದ ಕ್ರಾಂತಿಯ ತರುವಾಯ ಅವರು ತಾಯ್ನಾಡಿನ ಹೊರಗುಳಿದರು. ಫಿನ್ಲೆಂಡ್, ಲಂಡನ್, ಅಮೆರಿಕಗಳನ್ನು ದಾಟಿ 1923ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದರು. ಮರುವರ್ಷ ಡಾರ್ಜಿಲಿಂಗಿನಲ್ಲಿ ನೆಲೆಸಿದಾಗ ಕಾಂಚನಜುಂಗ ಅವರ ಕಣ್ಣನ್ನು ತುಂಬಿತು. ಅಲ್ಲಿಂದ ಮುಂದೆ ಅವರ ಕುಂಚ ಬೆಟ್ಟವನ್ನು ಬಿಡಲೇ ಇಲ್ಲ.

ಅವರು ಶಿಖರವೇರಿ ಬಾವುಟ ನೆಟ್ಟವರಲ್ಲ. ಬೆಟ್ಟದ ನಡುವೆ ನಡೆಯುವುದು, ನಿಲ್ಲುವುದು, ನೋಡುವುದು ಅವರ ಬಗೆ. 1925ರಲ್ಲಿ ಪತ್ನಿ ಹೆಲೆನಾ ಹಾಗೂ ಹಿರಿಯ ಮಗ ಯೂರಿಯವರೊಡನೆ ಕಾಶ್ಮೀರದಿಂದ ಲಡಾಖಿಗೆ, ಕಾರಕೋರಂ ಕಣಿವೆದಾರಿಯಿಂದ ಖೋತಾನಿಗೆ, ಮುಂದೆ ಆಲ್ತಾಯ್, ಮಂಗೋಲಿಯಗಳಿಗೆ ಪಯಣ ಬೆಳೆಯಿತು. ಕುದುರೆ, ಒಂಟೆ, ಚಮರೀಮೃಗಗಳ ಸಾಲು, ಡೇರೆಯೇ ಮನೆ. ಇಂತಹ ದಾರಿಯಲ್ಲೂ ನೂರಾರು ಚಿತ್ರಗಳನ್ನು ಬರೆದರೆಂದರೆ ನಾವು ಬೆರಗಾಗಬೇಕು.

ನಿಜವಾದ ಪರೀಕ್ಷೆ ಎದುರಾದುದು ಟಿಬೆಟಿನಲ್ಲಿ. 1927ರ ಅಕ್ಟೋಬರಿನಲ್ಲಿ ಅಲ್ಲಿನ ಅಧಿಕಾರಿಗಳು ತಂಡವನ್ನು ತಡೆದರು. ಇವರು ರಷ್ಯದ ಗೂಢಚಾರರೆಂಬ ಶಂಕೆ ಆಗ ಬ್ರಿಟಿಷರಿಗೂ ಇತ್ತು. ಮುಂದೆ ಹೋಗುವಂತಿಲ್ಲ, ಹಿಂದೆ ಹೋಗುವಂತಿಲ್ಲ. ಸುಮಾರು 15,000 ಅಡಿ ಎತ್ತರದ ಬಯಲಿನಲ್ಲಿ ಬೇಸಿಗೆಗೆಂದು ತಂದ ಡೇರೆಗಳಲ್ಲಿ ಐದು ತಿಂಗಳ ಚಳಿಗಾಲ! ಮೇವಿಲ್ಲದೆ ಹೆಚ್ಚಿನ ಪ್ರಾಣಿಗಳು ಸತ್ತವು. ತಂಡದ ಕೆಲವರೂ ತೀರಿಕೊಂಡರು. ಬೆಟ್ಟವನ್ನು ಬರೀ ಸೊಬಗಿನ ನೆಲೆಯೆಂದು ಬಗೆಯುವವರು ಈ ಅಧ್ಯಾಯವನ್ನು ಓದಲೇಬೇಕು. ಬದುಕಿ ಬಂದ ರೋರಿಕ್ ಅವರು ಪೇಟೆಗೆ ಓಡಿಹೋಗಲಿಲ್ಲ. 1928ರ ಕೊನೆಗೆ ಕುಲು ಕಣಿವೆಯ ನಗ್ಗರಿನಲ್ಲಿ ಮನೆ ಮಾಡಿದರು.

ಅಲ್ಲಿ ಊರುಸ್ವತಿ ಎಂಬ ಹಿಮಾಲಯ ಸಂಶೋಧನಾ ಸಂಸ್ಥೆ ನಡೆಯಿತು. ಗಿಡಮೂಲಿಕೆಗಳ ಸಂಗ್ರಹ, ಟಿಬೆಟನ್ ಭಾಷೆಯ ಅಧ್ಯಯನ ಅದರ ಕೆಲಸ. ರೋರಿಕ್ ಅವರು ಮಾತ್ರ ಟೆಂಪೆರಾ ಬಣ್ಣದಲ್ಲಿ ಅದೇ ಬೆಟ್ಟಗಳನ್ನು ಮತ್ತೆ ಮತ್ತೆ ಬರೆದರು: ಬೆಳಗಿನ ನೀಲಿ, ಸಂಜೆಯ ನೇರಳೆ, ಮೋಡದ ಮೇಲೆ ತೇಲುವ ಬಿಳಿ. ಎಣ್ಣೆಯ ಹೊಳಪಿಲ್ಲದ ಈ ಬಣ್ಣ ಕಲ್ಲಿಗೂ ಹಿಮಕ್ಕೂ ಬಲು ಒಪ್ಪುತ್ತದೆ. ಅವರ ಒಟ್ಟು ಕೃತಿಗಳು ಸುಮಾರು 7,000 ಎಂದು ಅಂದಾಜು. ಎಲ್ಲವೂ ಸಮನಲ್ಲವೆಂದೇ ನಮ್ಮ ಎಣಿಕೆ. ಋಷಿಗಳನ್ನೂ ಸಂಕೇತಗಳನ್ನೂ ತುಂಬಿದ ಚಿತ್ರಗಳಿಗಿಂತ ಬರಿಯ ಬೆಟ್ಟವೊಂದೇ ನಿಂತಿರುವ ಚಿಕ್ಕ ಚಿತ್ರಗಳೇ ನಮಗೆ ಮಿಗಿಲೆನಿಸುತ್ತವೆ.

ಯುದ್ಧಕಾಲದಲ್ಲೂ ಕಲಾಸಂಪತ್ತನ್ನು ಕಾಪಾಡಬೇಕೆಂದು ಅವರು ಹೋರಾಡಿ ರೂಪಿಸಿದ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ 21 ಅಮೆರಿಕನ್ ರಾಷ್ಟ್ರಗಳು ಸಹಿ ಹಾಕಿದವು. ವಿಪರ್ಯಾಸವೆಂದರೆ, ಅದೇ ವರ್ಷ ಅಮೆರಿಕದಲ್ಲಿದ್ದ ಅವರ ಬೆಂಬಲಿಗರು ಕೈಬಿಟ್ಟರು. ತೆರಿಗೆ ಬಾಕಿಯ ಆರೋಪ ಬಂತು. ನ್ಯೂಯಾರ್ಕಿನ ಅವರ ಮ್ಯೂಸಿಯಂ ಕಟ್ಟಡ ಕೈತಪ್ಪಿತು. ಬೆಟ್ಟದ ಮನೆಯೊಂದೇ ಉಳಿಯಿತು. 1942ರಲ್ಲಿ ನೆಹರೂ ಅವರು ಮಗಳು ಇಂದಿರಾರೊಡನೆ ಆ ಮನೆಗೆ ಬಂದು ಅತಿಥಿಗಳಾಗಿದ್ದರು.

ಕೊನೆಯ ವರ್ಷಗಳಲ್ಲಿ ತಾಯ್ನಾಡಿಗೆ ಮರಳುವ ಹಂಬಲ ಅವರನ್ನು ಕಾಡಿತು. ಅದು ಕೈಗೂಡುವ ಮುನ್ನವೇ 1947ರ ಡಿಸೆಂಬರ್ 13ರಂದು ನಗ್ಗರಿನಲ್ಲಿ ತೀರಿಕೊಂಡರು. ಹಿಮಶಿಖರಗಳ ಎದುರಿಗೇ ಚಿತೆ ಉರಿಯಿತು. ಅಲ್ಲೊಂದು ಬಂಡೆಗಲ್ಲನ್ನು ನಿಲ್ಲಿಸಿದ್ದಾರೆ. ಅಷ್ಟು ದೂರ ಹೋಗಲಾಗದವರು ಬೆಂಗಳೂರಿಗೆ ಹೋದಾಗ ಚಿತ್ರಕಲಾ ಪರಿಷತ್ತಿಗೆ ಒಮ್ಮೆ ಹೊಕ್ಕು ಬರಬಹುದು. ತಂದೆ ಮಗ ಇಬ್ಬರ ಚಿತ್ರಗಳೂ ಅಲ್ಲಿವೆ.