ಸಿಸಿಲ್ ಬೀಟನ್

ಸರ್ ಸಿಸಿಲ್ ಬೀಟನ್ (ಜನವರಿ ೧೪, ೧೯೦೪ – ಜನವರಿ ೧೮, ೧೯೮೦) ಇಂಗ್ಲೆಂಡಿನ ಪ್ರಸಿದ್ಧ ಛಾಯಾಗ್ರಾಹಕರು, ರಂಗಭೂಮಿ ಹಾಗೂ ಚಲನಚಿತ್ರಗಳ ವಸ್ತ್ರವಿನ್ಯಾಸಕರು ಮತ್ತು ದಿನಚರಿಕಾರರು. ಫ್ಯಾಷನ್ ಛಾಯಾಗ್ರಹಣಕ್ಕೆ ಕಲೆಯ ಮನ್ನಣೆ ದೊರಕಿಸಿಕೊಟ್ಟವರಲ್ಲಿ ಇವರೂ ಒಬ್ಬರು. ಮಧ್ಯಮ ಗಾತ್ರದ ಫಿಲ್ಮ್ ಬಳಸುವ ರೋಲಿಫ್ಲೆಕ್ಸ್ ಕ್ಯಾಮೆರಾದೊಡನೆ ಇವರ ಹೆಸರು ಬೆಸೆದುಕೊಂಡಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬೀಟನ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದರು. ತಂದೆ ಮರದ ವ್ಯಾಪಾರಿ. ಮನೆಯ ದಾದಿಯ ಬಳಿ ಕೊಡಕ್ ಕಂಪನಿಯ ಮಡಿಸುವ ಕ್ಯಾಮೆರಾ ಇತ್ತು. ಚಿತ್ರ ತೆಗೆಯುವುದನ್ನೂ ಫಿಲ್ಮ್ ಸಂಸ್ಕರಿಸುವುದನ್ನೂ ಬಾಲಕನು ಕಲಿತದ್ದು ಆಕೆಯಿಂದಲೇ. ತಂಗಿಯರಾದ ನ್ಯಾನ್ಸಿ ಮತ್ತು ಬಾಬಾ ಇವರ ಮೊದಲ ರೂಪದರ್ಶಿಗಳು. ಹ್ಯಾರೋ ಶಾಲೆಯ ಬಳಿಕ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರಾದರೂ ೧೯೨೫ರಲ್ಲಿ ಪದವಿ ಪಡೆಯದೆಯೇ ಹೊರಬಂದರು.

ವೃತ್ತಿಜೀವನ

೧೯೨೦ರ ದಶಕದ ಕೊನೆಯಲ್ಲಿ ಬೀಟನ್ 'ವೋಗ್' ಪತ್ರಿಕೆಗೆ ಚಿತ್ರಗಳನ್ನು ತೆಗೆಯತೊಡಗಿದರು. ಪತ್ರಿಕೆಯ ಒಡೆಯ ಕೊಂಡೆ ನಾಸ್ಟ್ ಅವರ ಒತ್ತಾಯದಿಂದ ದೊಡ್ಡ ಗಾತ್ರದ ಸ್ಟುಡಿಯೋ ಕ್ಯಾಮೆರಾವನ್ನೂ ರೂಢಿಸಿಕೊಂಡರು. ಕನ್ನಡಿ, ಹೂವು, ಹೊಳೆಯುವ ಕಾಗದಗಳಿಂದ ಹಿನ್ನೆಲೆಯನ್ನು ಕಟ್ಟುವುದು ಇವರ ಶೈಲಿಯಾಗಿತ್ತು.

೧೯೩೮ರಲ್ಲಿ ಅಮೆರಿಕದ 'ವೋಗ್' ಸಂಚಿಕೆಗೆ ಬರೆದ ಚಿತ್ರವೊಂದರ ಅಂಚಿನಲ್ಲಿ ಬೀಟನ್ ಯಹೂದಿಗಳನ್ನು ಹೀಯಾಳಿಸುವ ಮಾತನ್ನು ಅತಿ ಸಣ್ಣ ಅಕ್ಷರಗಳಲ್ಲಿ ಸೇರಿಸಿದ್ದರು. ಅದು ಬಯಲಾದಾಗ ಪ್ರತಿಗಳನ್ನು ಹಿಂದೆಗೆದುಕೊಳ್ಳಲಾಯಿತು. ಬೀಟನ್ ಕೆಲಸ ಕಳೆದುಕೊಂಡರು. ಈ ಕಳಂಕವು ಇವರ ಜೀವನಚರಿತ್ರೆಯಲ್ಲಿ ಉಳಿದಿದೆ. ಮರುವರ್ಷ ರಾಣಿ ಎಲಿಜಬೆತ್ (ಎರಡನೆಯ ಎಲಿಜಬೆತ್ ಅವರ ತಾಯಿ) ತಮ್ಮ ಭಾವಚಿತ್ರಕ್ಕಾಗಿ ಇವರನ್ನು ಬಕಿಂಗ್‌ಹ್ಯಾಮ್ ಅರಮನೆಗೆ ಕರೆಸಿದರು.

ಯುದ್ಧಕಾಲದ ಚಿತ್ರಗಳು

ಎರಡನೆಯ ಮಹಾಯುದ್ಧದಲ್ಲಿ ಬೀಟನ್ ಬ್ರಿಟನ್ನಿನ ವಾರ್ತಾ ಸಚಿವಾಲಯಕ್ಕಾಗಿ ದುಡಿದರು. ಬಾಂಬ್ ದಾಳಿಯಲ್ಲಿ ಗಾಯಗೊಂಡು, ತಲೆಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಗೊಂಬೆ ಹಿಡಿದು ಕುಳಿತ ಮೂರು ವರ್ಷದ ಬಾಲಕಿ ಐಲೀನ್ ಡನ್‌ಳ ಚಿತ್ರವು ೧೯೪೦ರ ಸೆಪ್ಟೆಂಬರ್‌ನಲ್ಲಿ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಯಿತು. ಅದು ಅಮೆರಿಕದ ಜನರ ಮನಸ್ಸನ್ನು ಕಲಕಿತು. ೧೯೪೧ರಲ್ಲಿ ಲಂಡನ್ನಿನ ಟೆಂಪಲ್ ಪ್ರದೇಶದ ಭಗ್ನಾವಶೇಷಗಳ ನಡುವೆ ರೂಪದರ್ಶಿಯನ್ನು ನಿಲ್ಲಿಸಿ ತೆಗೆದ ಫ್ಯಾಷನ್ ಚಿತ್ರವೂ ಪ್ರಸಿದ್ಧವಾಗಿದೆ. ೧೯೪೪ರಲ್ಲಿ ಭಾರತ ಮತ್ತು ಚೀನಾಗಳಲ್ಲಿ ಸಂಚರಿಸಿದರು. ಯುದ್ಧಕಾಲದ ಇವರ ಸಾವಿರಾರು ಚಿತ್ರಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿವೆ.

ರೋಲಿಫ್ಲೆಕ್ಸ್ ಕ್ಯಾಮೆರಾ

ರೋಲಿಫ್ಲೆಕ್ಸ್ ಅನ್ನು ಜರ್ಮನಿಯ ಫ್ರಾಂಕೆ ಮತ್ತು ಹೈಡೆಕೆ ಕಂಪನಿಯು ೧೯೨೯ರಲ್ಲಿ ಹೊರತಂದಿತು. ಇದಕ್ಕೆ ಎರಡು ಮಸೂರಗಳು: ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ೧೨೦ ಫಿಲ್ಮ್ ಸುರುಳಿಯಲ್ಲಿ ೬×೬ ಸೆಂಟಿಮೀಟರ್ ಅಳತೆಯ ೧೨ ಚಿತ್ರಗಳು ಮೂಡುತ್ತವೆ. ಈ ನೆಗೆಟಿವ್‌ನ ವಿಸ್ತೀರ್ಣ ೩೫ ಮಿಲಿಮೀಟರ್ ಫಿಲ್ಮ್‌ಗಿಂತ ಮೂರೂವರೆ ಪಟ್ಟು ಹೆಚ್ಚು. ಆದ್ದರಿಂದ ಬಟ್ಟೆಯ ನೇಯ್ಗೆ, ನೆರಿಗೆಗಳು ಸ್ಪಷ್ಟವಾಗಿ ಮೂಡುತ್ತವೆ. ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಗಾಜಿನೊಳಗೆ ನೋಡಬೇಕು. ಅಲ್ಲಿ ಬಿಂಬವು ಎಡಬಲ ಅದಲುಬದಲಾಗಿ ಕಾಣುತ್ತದೆ. ಸ್ಟುಡಿಯೋದ ಭಾರವಾದ ಕ್ಯಾಮೆರಾ ಒಯ್ಯಲಾಗದ ಕಡೆಗಳಲ್ಲಿ ಇದು ಬೀಟನ್‌ರಿಗೆ ನೆರವಾಯಿತು.

ಪ್ರಶಸ್ತಿಗಳು ಮತ್ತು ಕೊನೆಯ ದಿನಗಳು

೧೯೫೧ರಲ್ಲಿ ಜಾಕ್ಸನ್ ಪೊಲಾಕ್‌ರ ವರ್ಣಚಿತ್ರಗಳ ಮುಂದೆ ರೂಪದರ್ಶಿಗಳನ್ನು ಚಿತ್ರಿಸಿದರು. ೧೯೫೩ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಅಧಿಕೃತ ಭಾವಚಿತ್ರ ಇವರದೇ. 'ಜೀಜೀ' (೧೯೫೮) ಮತ್ತು 'ಮೈ ಫೇರ್ ಲೇಡಿ' (೧೯೬೪) ಚಿತ್ರಗಳಿಗಾಗಿ ಆಸ್ಕರ್ ಪ್ರಶಸ್ತಿಗಳು ಸಂದವು. ೧೯೭೨ರಲ್ಲಿ 'ಸರ್' ಪದವಿ ದೊರೆಯಿತು.

೧೯೭೪ರಲ್ಲಿ ಪಾರ್ಶ್ವವಾಯುವಿನಿಂದ ಬಲಭಾಗ ಸ್ವಾಧೀನ ತಪ್ಪಿತು. ಬೀಟನ್ ಎಡಗೈಯಲ್ಲಿ ಬರೆಯಲು, ಚಿತ್ರಿಸಲು ಕಲಿತು, ತಮಗೆ ಹೊಂದುವಂತೆ ಮಾರ್ಪಡಿಸಿದ ಕ್ಯಾಮೆರಾದಿಂದ ಪುನಃ ಕೆಲಸ ಮಾಡಿದರು. ಮುಂದಿನ ಖರ್ಚಿಗಾಗಿ ತಮ್ಮ ಚಿತ್ರಸಂಗ್ರಹದ ಬಹುಭಾಗವನ್ನು ಸದಬೀಸ್ ಸಂಸ್ಥೆಗೆ ಮಾರಿದರು. ವಿಲ್ಟ್‌ಷೈರ್‌ನ ಬ್ರಾಡ್ ಚಾಕ್ ಗ್ರಾಮದ ತಮ್ಮ ಮನೆಯಲ್ಲಿ ೭೬ನೆಯ ವಯಸ್ಸಿನಲ್ಲಿ ನಿಧನರಾದರು.